ಸ್ವೀಟ್ ಪೀ ಪಾತಿಗೆ ನುಗ್ಗಿದ ಹೋರಿ

ಬೀಜಕ್ಕೆ ಮೊದಲು ಗಾಯ ಮಾಡಬೇಕು. ಸ್ವೀಟ್ ಪೀ ಬೀಜ ಮೆಣಸಿನ ಕಾಳಿಗಿಂತ ತುಸು ದಪ್ಪ, ಕಲ್ಲಿನಷ್ಟು ಗಟ್ಟಿ. ಹಾಗೇ ಮಣ್ಣಿಗೆ ಹಾಕಿದರೆ ತಿಂಗಳಾದರೂ ಕಣ್ಣು ಬಿಡುವುದಿಲ್ಲ. ಬ್ಲೇಡಿನಿಂದ ಸಿಪ್ಪೆಯನ್ನು ಒಂದು ಮಗ್ಗುಲಿಗೆ ಕೊಯ್ದು, ಒಳಗಿನ ಬಿಳುಪು ಕಂಡ ಮೇಲೆ ನೀರಿನಲ್ಲಿ ನೆನೆಸಬೇಕು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಬಾಟನಿ ಕಲಿಸುತ್ತಿದ್ದ ಸಿಸ್ಟರ್ ಈ ಕೆಲಸವನ್ನು ನನ್ನ ಕೈಯಿಂದಲೇ ಮಾಡಿಸುತ್ತಿದ್ದರು. ಬ್ಲೇಡು ಜಾರಿ ಹೆಬ್ಬೆರಳು ಕೊಯ್ದುಕೊಂಡರೆ, "ಗುಡ್, ನೌ ಬೋಥ್ ಆಫ್ ಯೂ ವಿಲ್ ರಿಮೆಂಬರ್" ಎಂದು ಬೀಜವನ್ನೂ ನನ್ನನ್ನೂ ಸೇರಿಸಿ ತಣ್ಣಗೆ ಹೇಳಿ, ಅಯೋಡಿನ್ ಸೀಸೆ ನನ್ನ ಮುಂದೆ ಇಡುತ್ತಿದ್ದರು.

ಸಸಿ ಎರಡು ಮೂರು ಜೋಡಿ ಎಲೆ ಬಿಟ್ಟಾಗ ನೆತ್ತಿ ಚಿವುಟಬೇಕು. ಆಗ ಅದು ಹಟಕ್ಕೆ ಬಿದ್ದಂತೆ ಬುಡದಿಂದ ಕವಲೊಡೆಯುತ್ತದೆ. ಹೂ ಬಂದ ಮೇಲಂತೂ ದಿನಾ ಬೆಳಿಗ್ಗೆ ಕತ್ತರಿ ಹಿಡಿದೇ ಹೋಗಬೇಕು. ಚೆಂದ ಕಾಣುತ್ತದೆ, ಇರಲಿ ಎಂದು ಬಳ್ಳಿಯಲ್ಲೇ ಬಿಟ್ಟಿರೋ, ಕಾಯಿ ಕಟ್ಟಿ, ತನ್ನ ಕೆಲಸ ಮುಗಿಯಿತು ಎಂದು ಒಣಗಲು ಶುರು. ಆನ್ಯುಅಲ್ ಗಿಡ ಅದು, ಒಂದೇ ವರ್ಷದ್ದು. ದಸರೆ ಮುಗಿಯುತ್ತಲೇ ಹಾಕಿದರೆ ಸಂಕ್ರಾಂತಿಯ ಹೊತ್ತಿಗೆ ಹೂ. ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ಬುಡದಿಂದ ತುದಿಯವರೆಗೆ ಸುಟ್ಟುಹೋಗುತ್ತದೆ.

ನನ್ನವರು ಹೋದ ಮೇಲೆ ನಾನು ಹಾನಗಲ್ಲಿನ ಅಂಚಿನ ಓಣಿಯಲ್ಲಿರುವ ತಂಗಿಯ ಮನೆಗೆ ಬಂದೆ. ಟ್ರಂಕಿನಲ್ಲಿ ಸೀರೆಗಳ ನಡುವೆ ಬೀಜದ ಪೊಟ್ಟಣವೂ ಇತ್ತು. ಕಾನ್ವೆಂಟಿನ ಗೋಡೆಯ ಬಳ್ಳಿಯಿಂದ ಶುರುವಾಗಿ, ವರ್ಷ ವರ್ಷ ಬಿತ್ತಿ, ಒಣಗಿಸಿ, ಮತ್ತೆ ಬಿತ್ತಿ ಉಳಿಸಿಕೊಂಡು ಬಂದ ಬೀಜ. ನೀಲಿ ಒಂದೇ ಬಣ್ಣ. ನಡುವೆ ಗುಲಾಬಿ ಬಣ್ಣದ ಬಳ್ಳಿ ಹುಟ್ಟಿದರೆ ಬೇರು ಸಮೇತ ಕಿತ್ತೆಸೆಯುತ್ತಿದ್ದೆ. ಸಿಸ್ಟರ್ ಹಾಗೇ ಮಾಡುತ್ತಿದ್ದರು. ವಾಸನೆ ಎಂಥದ್ದು ಎಂದರೆ, ಜೇನಿನಲ್ಲಿ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ. ತಂಗಿಯ ಪ್ರಕಾರ ಪೌಡರ್ ಡಬ್ಬಿ ಮುಚ್ಚಳ ತೆಗೆದ ಹಾಗೆ. ಅವಳು ಹಿರೇಕೆರೂರು ಕಡೆಯೆಲ್ಲ ಸರ್ಕಾರಿ ಸಾಲೆಗಳಲ್ಲಿ ಕಲಿಸಿ ಕೊನೆಗೆ ಇದೇ ಊರಿನಲ್ಲಿ ನಿವೃತ್ತಳಾದವಳು. ನನ್ನಂತೆ ಅವಳನ್ನು ಕಾನ್ವೆಂಟಿಗೆ ಹಾಕಲಿಲ್ಲ ಎಂಬುದಕ್ಕೆ ಅಪ್ಪನನ್ನು ಇನ್ನೂ ಕ್ಷಮಿಸಿಲ್ಲ.

"ಅಕ್ಕಾ, ಇಷ್ಟ ಜಾಗಾದಾಗ ಕೊತಂಬರಿ ಹಚ್ಚಿದ್ರ ಸಾರಿಗಾದ್ರೂ ಬರತಿತ್ತು. ಇದರ ಕಾಯಿ ಸುದ್ದಾ ತಿನ್ನಾಕ ಬರೂದಿಲ್ಲ. ಬಟಾಣಿ ಅಂತ ಹೆಸರ ಇಟಗೊಂಡ ವಿಷ ಹಡಿತೈತಿ."

"ಇಟ್ ಈಸ್ ಫಾರ್ ದ ಸ್ಮೆಲ್" ಎಂದರೆ, "ಹೌದವಾ, ಮೂಗಿಗೆ ಊಟ, ಹೊಟ್ಟಿಗೆ ಉಪಾಸ" ಎನ್ನುತ್ತಿದ್ದಳು. ಎನ್ನುತ್ತಲೇ ಬಳ್ಳಿ ಹಬ್ಬಲು ಹಗ್ಗವನ್ನು ತಂದುಕೊಡುವವಳೂ ಅವಳೇ. ಹಿಂದೆ ಸಣಬಿನ ಸುತಳಿ ಕಟ್ಟುತ್ತಿದ್ದೆ. ಇಬ್ಬನಿಗೆ ನೆನೆದು ಜನವರಿಯಲ್ಲೇ ಕೊಳೆತು, ಹೂವಿನ ಭಾರಕ್ಕೆ ಹರಿದು ಬೀಳುತ್ತಿತ್ತು. ಈ ಸಲ ಅವಳು ಪೇಟೆಯಿಂದ ನೀಲಿ ನೈಲಾನ್ ಹುರಿ ತಂದಳು, ಬಣವಿಯ ಮೇಲೆ ತಾಡಪಾಲು ಹೊದಿಸಿ ಬಿಗಿಯುತ್ತಾರಲ್ಲ, ಅದು. ಬಿದಿರು ಗಳಗಳನ್ನು ಸಾಲಾಗಿ ನೆಟ್ಟು, ಅವುಗಳ ನಡುವೆ ಬಲೆಯಂತೆ ಹುರಿ ಎಳೆದೆವು. ಬಳ್ಳಿಯ ಕುಡಿಗಳು ಹುರಿಗೆ ಸುತ್ತಿಕೊಂಡವೆಂದರೆ, ಬಿಡಿಸಲು ಹೋದರೆ ಕುಡಿ ಹರಿಯಬೇಕೇ ಹೊರತು ಹಿಡಿತ ಸಡಿಲವಾಗದು.

ನಮ್ಮ ತಟ್ಟಿಬೇಲಿಯ ಆಚೆ ಒಬ್ಬ ವಿಧವೆಯ ಹಿತ್ತಲು. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಮಕ್ಕಳಿಲ್ಲ. ಗಂಡ ಹೋರಿ ಕಟ್ಟುವ ಹುಚ್ಚಿನವ. ದೀಪಾವಳಿಯಿಂದ ಹಿಡಿದು ಬೇಸಿಗೆ ಕಾಲಿಡುವವರೆಗೂ ನಮ್ಮ ಈ ಸುತ್ತಲಿನ ತಾಲ್ಲೂಕುಗಳಲ್ಲಿ ಒಂದಲ್ಲ ಒಂದು ಊರಿನಲ್ಲಿ ಹೋರಿ ಹಬ್ಬ ಇದ್ದೇ ಇರುತ್ತದೆ. ಹೋರಿಯ ಕುತ್ತಿಗೆಗೆ ಕೊಬ್ಬರಿ ಬಟ್ಟಲುಗಳ ಸರ ಕಟ್ಟಿ, ಪಟಾಕಿ ಹಚ್ಚಿ ಬೆದರಿಸಿ, ಜನ ತುಂಬಿದ ಓಣಿಯಲ್ಲಿ ಓಡಿಸುತ್ತಾರೆ. ಹಿಡಿಯುವ ಪೈಲ್ವಾನರು ಮೇಲೆ ಬಿದ್ದು ಸರ ಹರಿಯಬೇಕು. ಸರ ಉಳಿಸಿಕೊಂಡು ಓಣಿ ದಾಟಿದರೆ ಹೋರಿ ಗೆದ್ದಿತು, ಹರಿದರೆ ಹಿಡಿದವನು ಗೆದ್ದ. ಅದಕ್ಕೇ ಸರವನ್ನು ಸಣಬಿನ ದಾರದಲ್ಲೇ ಪೋಣಿಸುವುದು. ಜಗ್ಗಿದರೆ ಹರಿಯಬೇಕು, ಅದು ಈ ಆಟದ ಮರ್ಯಾದೆ. ಹರಿದವನ ಕೈಗೆ ಕೊಬ್ಬರಿ, ಹೋರಿಗೆ ದಾರಿ.

ಅವಳ ಗಂಡ ತಡಸದ ಹಬ್ಬದಲ್ಲಿ ಬೇರೆ ಯಾರದೋ ಹೋರಿ ಹೊಟ್ಟೆಗೆ ಹಾಯ್ದು ಸತ್ತ. ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದಾಗ ಮೇಲೆ ಹೊದಿಸಿದ ದುಪ್ಪಟಿ ಇಡೀ ಒಂದೇ ಬಣ್ಣವಾಗಿತ್ತಂತೆ. ನಾನು ಆಗ ಇಲ್ಲಿಗೆ ಬಂದಿರಲಿಲ್ಲ. ಅವನು ತಂದು ಕಟ್ಟಿದ್ದ ಕರು ಮಾತ್ರ ಉಳಿಯಿತು. ಅವಳು ಅದಕ್ಕೆ ಹಿಂಡಿ ಕಲಸಿ, ಮೈ ತಿಕ್ಕಿ, ಬೆಳೆಸಿದಳು. ಈಗ ಅದು ಮೈಯೆಲ್ಲ ಹೊಳೆಯುವ ಬಿಳಿ ಹೋರಿ. ಮನೆಯ ಯಜಮಾನಿಕೆ ಮೈದುನನ ಕೈಯಲ್ಲಿತ್ತು, ಹೋರಿಯೂ ಅವನದೇ ಎಂದಾಯಿತು. ಚಿಕ್ಕೇರೂರಿನಲ್ಲಿ ಓಡಿಸಿದ, ಗೆದ್ದಿತು. ಗೆದ್ದ ಹೋರಿಯನ್ನು ನೋಡಲು ಹಿರೇಕೆರೂರು ಕಡೆಯ ಸಾಹುಕಾರನೊಬ್ಬ ಜೀಪಿನಲ್ಲಿ ಬಂದು, ನಿಮ್ಮೂರ ಹಬ್ಬದಲ್ಲೂ ಕೊಬ್ಬರಿ ಉಳಿಸಿಕೊಂಡರೆ ಅಂದೇ ಒಯ್ಯುತ್ತೇನೆ ಎಂದು ಹೇಳಿಹೋದ.

ಅವಳು ಹೂ ಮುಡಿಯುವಂತಿರಲಿಲ್ಲ. ಬೆಳಿಗ್ಗೆ ಸಗಣಿ ಬಳಿದು ಬಂದು ಬೇಲಿಯ ಸಂದಿಯಲ್ಲಿ ಮೂಗಿಟ್ಟು ನಿಲ್ಲುತ್ತಿದ್ದಳು. "ಮುಡಿಯಾಕ ಊರ ಮಂದಿ ಅಪ್ಪಣಿ ಬೇಕ್ರಿ ಅವ್ವಾರ. ಮೂಸಾಕ ಬ್ಯಾಡಲಾ?" ನಾನು ಕತ್ತರಿಸಿದ ಹೂವಿನಲ್ಲಿ ಒಂದು ಹಿಡಿ ಬೇಲಿಯಾಚೆ ಕೊಟ್ಟರೆ ಸೆರಗಿನೊಳಗೆ ಮುಚ್ಚಿ ಒಯ್ಯುವಳು. ನಮ್ಮೂರ ಹಬ್ಬಕ್ಕೆ ವಾರ ಇರುವಾಗ ಹೂ ತೆಗೆದುಕೊಂಡವಳು ಹೋಗದೆ ನಿಂತಳು.

"ಒಂದ ಮಾತ ಹೇಳತೇನಿ, ನಿಮ್ಮ ಹೊಟ್ಟ್ಯಾಗ ಇಟ್ಕೋರಿ. ನಮ್ಮ ಹೋರಿ ಸೋಲಲಿ ಅಂತ ಹರಕಿ ಹೊತ್ತೇನಿ."

"ಸೋಲಲಿ ಅಂತ? ಯಾಕ ಯವ್ವಾ?"

"ಗೆದ್ದದ್ದನ್ನ ಜೀಪ್ ತಗೊಂಡ ಬಂದ ಕೊಳ್ತಾರ. ಸೋತದ್ದನ್ನ ಯಾರ ಕೇಳ್ತಾರ್ರಿ? ಸೋತರ ನನ್ನ ಹಿತ್ತಲದಾಗ ಇರತೈತಿ." ಆಮೇಲೆ ದನಿ ಇಳಿಸಿ ಹೇಳಿದಳು: "ಅವರ ಕೈ ವಾಸನಿ ಗೊತ್ತಿರೂ ಜೀವ ಈ ಮನ್ಯಾಗ ಅದೊಂದ ಉಳದೈತಿ."

ಐ ವಿಲ್ ಪ್ರೇ ಫಾರ್ ಯೂ ಎನ್ನಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಂದು ಹೋರಿಯ ಸೋಲಿಗಾಗಿ ಮೊಣಕಾಲೂರುವುದನ್ನು ಸಿಸ್ಟರ್ ನನಗೆ ಕಲಿಸಿರಲಿಲ್ಲ. ಆದರೂ ಆ ವಾರವಿಡೀ ಕತ್ತರಿ ಹಿಡಿದಾಗಲೆಲ್ಲ, ಸೋಲಲಿ, ಸೋಲಲಿ ಎಂದುಕೊಂಡೇ ಹೂ ಕೊಯ್ದೆ.

ಹಬ್ಬದ ದಿನ ಬೆಳಿಗ್ಗೆ ಪಾತಿಗೆ ಹೋದರೆ ಅರ್ಧದಷ್ಟು ಬಳ್ಳಿ ನೆಲದ ಮೇಲೆ ಮುಖ ಅಡಿಯಾಗಿ ಬಿದ್ದಿತ್ತು. ಹೂಗಳು ಮಣ್ಣಿಗೆ ಒತ್ತಿ ಕಪ್ಪಗಾಗಿದ್ದವು. ಬಿದಿರು ನಿಂತೇ ಇತ್ತು, ನಡುವಿನ ಹುರಿ ಇರಲಿಲ್ಲ.

"ಮಂಗ್ಯಾನ ಕೆಲಸ" ಎಂದು ತಂಗಿಗೆ ಹೇಳಿದೆ.

ಅವಳು ಬಿದಿರಿಗೆ ಉಳಿದಿದ್ದ ಹುರಿಯ ತುಂಡನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದಳು. "ಹೌದ ಹೌದ. ಮಂಗ್ಯಾ ಕುಡಗೋಲ ತಗೊಂಡ ಬಂದಿತ್ತ ನೋಡು, ಎಷ್ಟ ಸಪಾಟ ಕೊಯ್ದೈತಿ."

ಬಿದ್ದ ಬಳ್ಳಿಗಳನ್ನು ಎತ್ತಿ ಕಟ್ಟುವುದರಲ್ಲಿ ಹೊತ್ತು ಹೋಯಿತು. ಡೊಳ್ಳಿನ ಸದ್ದು ಹತ್ತಿರವಾದಾಗ ಬಾಗಿಲಿಗೆ ಬಂದು ನಿಂತೆ. ಮೈದುನ ಮತ್ತು ಅವನ ಗೆಳೆಯರು ಹೋರಿಯನ್ನು ಓಟದ ಶುರುವಿನ ಜಾಗಕ್ಕೆ ಹೊಡೆದುಕೊಂಡು ಹೊರಟಿದ್ದರು. ಬೆನ್ನ ಮೇಲೆ ಜರಿಯ ಜೂಲು, ಕೋಡಿಗೆ ಹಿತ್ತಾಳೆಯ ಕಳಸ, ಬಲೂನು. ಬಾಯಿಂದ ನೊರೆ ಸುರಿಯುತ್ತಿತ್ತು, ಸಾರಾಯಿಯ ನಾತ ಅದರ ಉಸಿರಿನಿಂದಲೇ ಬರುತ್ತಿತ್ತು. ಕುತ್ತಿಗೆಯಲ್ಲಿ ಕೊಬ್ಬರಿ ಸರ. ಕೊಬ್ಬರಿ ಕೊಬ್ಬರಿಯ ನಡುವೆ ನೀಲಿ ಹುರಿ ಕಂಡಿತು. ಒಂದು ಗಂಟಿನಲ್ಲಿ ನನ್ನ ಬಳ್ಳಿಯ ಕುಡಿ ಹಸಿರಾಗಿಯೇ ಸುತ್ತಿಕೊಂಡಿತ್ತು.

ಸಿಟ್ಟು ಬಂದರೆ ನನ್ನ ಕನ್ನಡ ನನ್ನನ್ನು ಬಿಟ್ಟುಹೋಗುತ್ತದೆ. "ಎಕ್ಸ್‌ಕ್ಯೂಸ್ ಮಿ, ದಟ್ ಈಸ್ ಮೈ ಸ್ಟ್ರಿಂಗ್" ಎಂದೆ.

ಮೈದುನ ನಕ್ಕ. "ಹೂವಿನ ಬಳ್ಳಿಗೆ ಅಷ್ಟ ಗಟ್ಟಿ ಹಗ್ಗ ಯಾಕ ಬೇಕ್ರಿ ಅವ್ವಾರ? ಸಂಜೀಕ ತಂದ ಕೊಡತೇನಿ."

ಪಕ್ಕದ ಹಿತ್ತಲಿನಿಂದ ವಿಧವೆ ಬಂದಿದ್ದಳು. ನಾನು ಹುರಿಯನ್ನು ತೋರಿಸಿದೆ. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಇನ್ನು ಸೋಲುವ ಮಾತೇ ಇಲ್ಲ ಎಂದು ನಾನು ಅವಳಿಗಾಗಿ ಮರುಗುತ್ತಿದ್ದೆ. ಅವಳಿಗೆ ಬೇರೊಂದು ಹೊಳೆದಿತ್ತು.

"ಅದು ಹರಿಯೂದಿಲ್ಲೋ" ಎಂದು ಮೈದುನನ ಕೈ ಹಿಡಿದಳು. "ಹಿಡದವನ ಗತಿ ಏನ? ಬಿಚ್ಚ ಅದನ್ನ."

"ಹಬ್ಬದ ದಿನ ನಿನ್ನ ಮಾರಿ ಅಡ್ಡ ತಂದಿಯಾ, ರಂಡಿ" ಎಂದು ಮೊಣಕೈಯಿಂದ ನೂಕಿದ. ಅವಳು ಕಟ್ಟೆಯ ಅಂಚಿಗೆ ಬಾಯಿ ಬಡಿದು ಬಿದ್ದಳು. ಎದ್ದಾಗ ತುಟಿ ಸೀಳಿತ್ತು. ಹೋರಿಯ ಸುತ್ತ ಇದ್ದವರಲ್ಲಿ ಯಾರೂ ಹಿಂತಿರುಗಿ ನೋಡಲಿಲ್ಲ. ಡೊಳ್ಳು ಮುಂದೆ ಹೋಯಿತು.

ನಾನು ಅವಳನ್ನು ಕೈಹಿಡಿದು ತಂದು ನಮ್ಮ ಬಾಗಿಲಲ್ಲಿ ಕೂಡಿಸಿದೆ. ತಂಗಿ ಹಬ್ಬದ ಕಮಿಟಿಯವರಿಗೆ ಹೇಳಿಬರುತ್ತೇನೆ ಎಂದು ಓಣಿಗೆ ಇಳಿದವಳು ಜನರ ಗೋಡೆಗೆ ಡಿಕ್ಕಿ ಹೊಡೆದು ಅಲ್ಲೇ ನಿಂತಳು. ಓಣಿಯ ಎರಡೂ ಕಡೆ, ಮಾಳಿಗೆಯ ಮೇಲೆ, ಟ್ರಾಲಿಗಳ ಮೇಲೆ ಜನ. ನಾನು ಸುಮ್ಮನೆ ಕೂರಲಾರದೆ ಓಣಿಯ ಬೇಲಿಗೆ ತಾಗಿದ ಪಾತಿಗೆ ಹೋಗಿ ಹೂ ಕತ್ತರಿಸಲು ಶುರು ಮಾಡಿದೆ. ಮೊದಲ ಹೋರಿಗಳು ಹೋದವು. ಒಂದೊಂದರ ಹಿಂದೆಯೂ ಪಟಾಕಿಯ ಹೊಗೆ, ಸಿಳ್ಳೆ, ಮನುಷ್ಯರು ನೆಲಕ್ಕೆ ಬೀಳುವ ಮೆತ್ತನೆಯ ಸದ್ದು. ಒಬ್ಬ ಪಕ್ಕೆಲುಬು ಹಿಡಿದುಕೊಂಡು ನಮ್ಮ ಬೇಲಿಗೆ ಒರಗಿ ಕಾರಿಕೊಂಡ. ಸ್ವೀಟ್ ಪೀ ವಾಸನೆಯನ್ನು ಮದ್ದಿನ ವಾಸನೆ ನುಂಗಿತ್ತು.

ಆಮೇಲೆ ಮೈಕಿನಲ್ಲಿ ಪಕ್ಕದ ಮನೆಯ ಹೋರಿಯನ್ನು ಕೂಗಿದರು.

ಬೇಲಿಯ ಮೇಲಿಂದ ನನಗೆ ಕಂಡಿದ್ದು ಇಷ್ಟು. ಬಿಳಿ ಬೆನ್ನೊಂದು ನೇರವಾಗಿ ಬಂತು, ಜನ ಎರಡಾಗಿ ಸೀಳಿಹೋದರು. ಬನಿಯನ್ ತೊಟ್ಟ ಒಬ್ಬ ಗಟ್ಟಿಗ ಪಕ್ಕದಿಂದ ಹಾರಿ ಅದರ ಕುತ್ತಿಗೆಗೆ ಜೋತುಬಿದ್ದ. ಸವಣೂರಿನವನು, ವೆಲ್ಡಿಂಗ್ ಕೆಲಸದವನು ಎಂದು ಆಮೇಲೆ ತಿಳಿಯಿತು. ಸರ ಹಿಡಿದು ಜಗ್ಗಿದ. ಸಣಬಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹರಿಯಲಿಲ್ಲ. ಇನ್ನೊಮ್ಮೆ ಜಗ್ಗಲು ಮುಂಗೈ ತಿರುಗಿಸಿದ, ಹುರಿ ಮುಂಗೈಗೆ ಸುತ್ತಿಕೊಂಡಿತು. ಕಾಲು ನೆಲದಿಂದ ಹೋಯಿತು. ಹೋರಿ ಅವನನ್ನು ಎಳೆದುಕೊಂಡೇ ಓಡಿತು, ಅವನ ಮೈ ಒಮ್ಮೆ ಅದರ ಮುಂಗಾಲಿಗೆ, ಒಮ್ಮೆ ಕಲ್ಲಿಗೆ ಬಡಿಯುತ್ತಿತ್ತು. ಜನ ಅದನ್ನು ಸಾಹಸ ಎಂದು ತಿಳಿದು ಸಿಳ್ಳೆ ಹೊಡೆದರು. "ಬಿಡಬ್ಯಾಡೋ, ಬಿಡಬ್ಯಾಡ" ಎಂದು ಯಾರೋ ಹುರಿದುಂಬಿಸುತ್ತಿದ್ದರು. ಬಿಡಲು ಅವನಿಂದ ಆಗುತ್ತಿರಲಿಲ್ಲ.

ಕುತ್ತಿಗೆಯ ಮೇಲಿನ ಭಾರಕ್ಕೆ ಹೋರಿಯ ತಲೆ ಒಂದು ಕಡೆ ತಿರುಗಿತು, ಮೈಯೂ ತಿರುಗಿತು. ತಟ್ಟಿಬೇಲಿ ಹಪ್ಪಳದಂತೆ ಮುರಿಯಿತು. ನಾನು ಗೋಡೆಗೆ ಅಂಟಿಕೊಂಡೆ. ಬಿದಿರುಗಳು ಒಂದರ ಹಿಂದೊಂದು ಮುರಿದವು. ಬಳ್ಳಿ ಕೋಡಿಗೆ, ಕಾಲಿಗೆ, ಕೆಳಗಿದ್ದ ಮನುಷ್ಯನಿಗೆ ಸುತ್ತಿಕೊಂಡಿತು. ಹೋರಿ ತಲೆ ಝಾಡಿಸಿದಾಗಲೆಲ್ಲ ಅವನು ಗೋಣಿಚೀಲದಂತೆ ಮೇಲೆದ್ದು ಬೀಳುತ್ತಿದ್ದ. ಅವನ ಬಾಯಿಂದ ಬರುತ್ತಿದ್ದದ್ದು ಮನುಷ್ಯರ ದನಿಯಾಗಿರಲಿಲ್ಲ.

ವಿಧವೆ ನನ್ನ ಪಕ್ಕದಿಂದಲೇ ಹೋದಳು. ಓಡಲಿಲ್ಲ. ಎದುರಿನಿಂದ ಹೋಗಿ, ಕೋಡು ಮುಟ್ಟುವಷ್ಟು ಹತ್ತಿರ ನಿಂತು, ರಕ್ತದ ಬಾಯಲ್ಲಿ, "ಬಾ ನನ್ನಪ್ಪಾ... ಸಾಕ... ಬಾ" ಎಂದು ಹಿಂಡಿಗೆ ಕರೆಯುವ ದನಿಯಲ್ಲಿ ಕರೆದಳು. ಹೋರಿ ಮೈ ನಡುಗಿಸುತ್ತ ನಿಂತಿತು. ಅವಳು ಮೂಗುದಾರ ಹಿಡಿದಳು.

"ಕತ್ತರಿಸ್ರಿ ಅವ್ವಾರ."

ನನ್ನ ಕೈಯಲ್ಲಿದ್ದದ್ದು ಹೂವಿನ ಕತ್ತರಿ. ಬಿಸಿ ಉಸಿರಿನ ಕುತ್ತಿಗೆಯ ಕೆಳಗೆ ಕೈ ತೂರಿಸಿದೆ. ಹುರಿ ಅಲಗಿನ ನಡುವೆ ಜಾರಿತು, ಮತ್ತೆ ಹಿಡಿದೆ, ಮತ್ತೆ ಜಾರಿತು. ಹಲ್ಲು ಕಚ್ಚಿ ಎರಡೂ ಕೈಯಿಂದ ಒತ್ತಿದೆ. ಎಳೆ ಎಳೆಯಾಗಿ ತುಂಡಾಗಿ, ಕೊನೆಗೆ ಟಪ್ಪೆಂದಿತು. ಮನುಷ್ಯ ಕೆಳಗೆ ಬಿದ್ದ, ಕೊಬ್ಬರಿ ಬಟ್ಟಲುಗಳು ಹೂವಿನ ಮೇಲೆ ಉರುಳಿದವು. ಅವನ ಮುಂಗೈಯ ಚರ್ಮ ಬಳೆಯಂತೆ ಸುಲಿದು ಒಳಗಿನದು ಕಾಣುತ್ತಿತ್ತು. ತೋಳು ಭುಜದಿಂದ ಕಳಚಿ ಹಿಂದಕ್ಕೆ ತಿರುಗಿತ್ತು. ನಾನು ನನ್ನ ಸೆರಗು ಹರಿದು ಗಾಯಕ್ಕೆ ಬಿಗಿದೆ. ಬಿಳಿ ಸೀರೆ ನಿಮಿಷದಲ್ಲಿ ಕೆಂಪಾಯಿತು.

ಅಷ್ಟರಲ್ಲಿ ಮೈದುನ ಬಂದ. ನೆಲದ ಮೇಲಿದ್ದವನನ್ನು ದಾಟಿಕೊಂಡು ಹೋಗಿ ಅತ್ತಿಗೆಯ ತುರುಬಿಗೆ ಕೈ ಹಾಕಿದ. "ಓಡೂ ಹೋರಿನ್ನ ಯಾಕ ನಿಂದರಿಸಿದಿ? ಹೇಳ, ಯಾಕ ನಿಂದರಿಸಿದಿ?" ಎಂದು ತಲೆ ಅತ್ತಿತ್ತ ಎಳೆದು ಕಪಾಳಕ್ಕೆ ಬಾರಿಸಿದ. ಅವಳು ಮೂಗುದಾರ ಬಿಡಲಿಲ್ಲ. ಎರಡನೆಯ ಏಟಿಗೆ ಕೈ ಎತ್ತಿದಾಗ ತಂಗಿ ಮುರಿದ ಬಿದಿರಿನಿಂದ ಆ ಕೈಯ ಮೇಲೆ ಹೊಡೆದಳು. ಎಲುಬಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಇನ್ನೊಂದು ಮೊಣಕಾಲಿಗೆ ಬಿತ್ತು.

"ತುರಬ ಬಿಡ. ಬಿಡತಿಯೋ ಇಲ್ಲೋ?"

"ಅಕ್ಕೋರ, ಇದು ನಮ್ಮ ಮನಿ ವಿಚಾರ ಐತಿ."

"ನಿನ್ನ ಮೂರನೇತ್ತೆ ಪಾಸ್ ಮಾಡಿದ್ದ ನಾ. ಅವತ್ತ ಇದ ಬಡಿಗಿ ತಗೊಂಡಿದ್ರ ಇವತ್ತ ಇಷ್ಟ ಆಗತಿದ್ದಿಲ್ಲ." ಮತ್ತೆ ಎತ್ತಿದಳು. ಅವನು ಕೈ ಬಿಟ್ಟ.

ಕಮಿಟಿಯವರು, ಅವರ ಹಿಂದೆ ಜೀಪಿನ ಸಾಹುಕಾರ, ಅವರ ಹಿಂದೆ ಅರ್ಧ ಊರು ನಮ್ಮ ಪಾತಿಯೊಳಗೆ ಬಂತು. ಗಾಯಗೊಂಡವನನ್ನು ಒಯ್ಯಲು ಗಾಡಿ ತರಲು ಇಬ್ಬರು ಓಡಿದರು. ಉಳಿದವರು ಅವನ ತಲೆಯ ಮೇಲೆಯೇ ವಾದಕ್ಕೆ ನಿಂತರು, ಹೋರಿ ಗೆದ್ದಿತೋ ಸೋತಿತೋ ಎಂದು. ಐ ಕುಡ್ ನಾಟ್ ಬಿಲೀವ್ ಇಟ್. ಅವರ ಚಪ್ಪಲಿಗಳ ಕೆಳಗೆ ಬೀಜಕ್ಕೆಂದು ಬಿಟ್ಟಿದ್ದ ಎಳೆಗಾಯಿಗಳು ಚಟ್ ಚಟ್ ಎಂದು ಒಡೆಯುತ್ತಿದ್ದವು. ಪೊಟ್ಟಣದಲ್ಲಿ ಉಳಿಸಿಕೊಂಡ ಬೀಜ ಇರಲಿಲ್ಲ. ಹಳೆಯದಕ್ಕೆ ಹುಳು ಬಿದ್ದು, ಇದ್ದುದೆಲ್ಲವನ್ನೂ ದಸರೆಗೆ ಬಿತ್ತಿದ್ದೆ. ಕಾನ್ವೆಂಟಿನ ಗೋಡೆಯಿಂದ ಬಂದದ್ದು ಇಲ್ಲಿಗೆ ಮುಗಿಯಿತು ಎಂದು ಆ ಗದ್ದಲದಲ್ಲೇ ನನಗೆ ಗೊತ್ತಾಯಿತು, ಆದರೆ ಅಳಲು ಪುರುಸೊತ್ತಿರಲಿಲ್ಲ. ಗಾಯವನ್ನು ಒತ್ತಿ ಹಿಡಿದಿದ್ದೆ.

"ಸರಾ ಕತ್ತರಿಸಿದ್ದು ಈ ಮುದುಕಿ" ಎಂದು ಮೈದುನ ಕೂಗುತ್ತಿದ್ದ. "ಹರದಿದ್ದಲ್ಲ. ಯಾರೂ ಹರದಿಲ್ಲ. ಹೋರಿ ಗೆದ್ದೈತಿ."

ವಿಧವೆ ಹೋರಿಯ ಹಣೆಗೆ ಹಣೆ ಒತ್ತಿ ನಿಂತಿದ್ದಳು. ಬಾಯಿ ತೆಗೆದರೆ ತನ್ನ ಹರಕೆ ಬಯಲಾಗುತ್ತದೆ ಎಂದು ಅಂಜಿದ್ದಳೇನೋ. ನನ್ನ ಕಡೆಗೊಮ್ಮೆ ನೋಡಿದಳು.

ಆಗ ಕೆಳಗಿದ್ದವನು ಕಣ್ಣು ಬಿಟ್ಟ. ಕಳಚಿದ ತೋಳಿನ ತುದಿಯಲ್ಲಿ ಅವನ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. "ನೋಡ್ರಿ" ಎಂದ. ಕಮಿಟಿಯ ಹಿರಿಯರು ಬಗ್ಗಿದರು. ಮುಷ್ಟಿಯೊಳಗೆ ಒಂದು ಕೊಬ್ಬರಿ ಬಟ್ಟಲು ಸಿಕ್ಕಿಕೊಂಡಿತ್ತು.

"ನಾ ಕೈ ಬಿಟ್ಟಿಲ್ರಿ, ಖುದಾ ಕಸಮ್" ಎಂದ. ಉಸಿರು ಎಳೆದುಕೊಂಡ. "ಕೊಬ್ಬರಿ ನನ್ನ ಕೈಯಾಗೈತಿ. ನಂದ ಅದು."

"ಕತ್ತರಿಯಿಂದ ಬಂದದ್ದು ಅದು" ಎಂದ ಮೈದುನ.

ಹಿರಿಯರು ಕೊಬ್ಬರಿಗೆ ಅಂಟಿಕೊಂಡಿದ್ದ ಹುರಿಯ ತುಂಡನ್ನು ಎತ್ತಿ ಜಗ್ಗಿ ನೋಡಿದರು. ಅದರ ಗಂಟಿನಿಂದ ಬಳ್ಳಿಯ ಕುಡಿಯನ್ನು ಉಗುರಿನಿಂದ ಬಿಡಿಸಿ ನೆಲಕ್ಕೆ ಒಗೆದರು. "ಇದ ಯಾವ ದಾರನೋ?" ಎಂದರು. ಮೈದುನ ಮುಖ ತಿರುಗಿಸಿದ. "ನಮ್ಮ ಅಪ್ಪನ ಕಾಲದಿಂದ ಹೋರಿ ನೋಡಾಕತ್ತೇನಿ. ಮನಷ್ಯಾನ ಕೈಗೆ ಉರುಲ ಕಟ್ಟಿ ಓಡಸಿದ್ದನ್ನ ಇವತ್ತ ನೋಡಿದೆ. ಇಂಥಾ ಹೋರಿ ಗೆದ್ದಿತು ಅಂತ ಮೈಕಿನ್ಯಾಗ ನಾ ಒದರಲೇನು?"

ಜೀಪಿನ ಸಾಹುಕಾರ ಟೊಂಕದ ಮೇಲೆ ಕೈಯಿಟ್ಟು ಕೇಳುತ್ತಿದ್ದವನು ಪಂಚೆ ಕೊಡವಿಕೊಂಡ. "ನೈಲಾನ್ ಕಟ್ಟಿದ ಹೋರಿ ಒಯ್ದರ ನನ್ನ ಮಂದಿ ಮಾರಿಗೆ ಉಗಳತಾರ" ಎಂದು ಹೊರಟೇಹೋದ. ಸ್ವಲ್ಪ ಹೊತ್ತಿಗೆ ಮೈಕು ಹೇಳಿತು, ಹೋರಿ ಸೋತಿದೆ, ಕೊಬ್ಬರಿ ಸವಣೂರಿನ ಪೈಲ್ವಾನನಿಗೆ. ಜನ ಚಪ್ಪಾಳೆ ತಟ್ಟಿದರು. ಪೈಲ್ವಾನನನ್ನು ಆಗ ಗಾಡಿಯೊಳಗೆ ಎತ್ತಿ ಮಲಗಿಸುತ್ತಿದ್ದರು. ಕೈ ಉಳಿಯಿತು, ಆದರೆ ಎರಡು ಬೆರಳು ಮಡಚುವುದಿಲ್ಲ ಎಂದು ನಂತರ ಕೇಳಿದೆ.

ಪಾತಿಯಲ್ಲಿ ಜನ ಕರಗಿದ ಮೇಲೆ ಮೈದುನ ಊದಿಕೊಂಡ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೋರಿಯ ಹತ್ತಿರ ಬಂದ. ಅದನ್ನು ಮುಟ್ಟಲಿಲ್ಲ. ಕಟ್ಟುವ ಹಗ್ಗವನ್ನು ಭುಜದಿಂದ ತೆಗೆದು ಅತ್ತಿಗೆಯ ಕಾಲ ಬುಡಕ್ಕೆ ಎಸೆದ.

"ತಗೋ. ಸೋತ ಹೋರಿ, ನೀನು, ಇಬ್ಬರೂ ಕೂಡಿ ಬಾಳೇವು ಮಾಡ್ರಿ. ನನಗ ಇದರ ಮಾರಿ ತೋರಿಸಬ್ಯಾಡ."

ಅವಳು ಬಗ್ಗಿ ಹಗ್ಗ ಎತ್ತಿಕೊಂಡಳು. ಕೋಡಿನ ಕಳಸಗಳನ್ನು, ಜೂಲನ್ನು, ಬಲೂನನ್ನು ಒಂದೊಂದಾಗಿ ಬಿಚ್ಚಿ ಅವನು ಹೋದ ದಿಕ್ಕಿಗೆ ಬೇಲಿಯಾಚೆ ಎಸೆದಳು. ಆಮೇಲೆ ಕೋಡಿಗೆ ಸುತ್ತಿಕೊಂಡಿದ್ದ ನನ್ನ ಬಳ್ಳಿಯನ್ನು ಜಗ್ಗಿ ಜಗ್ಗಿ ಹರಿದಳು, ಹೂ ಉದುರಿ ಅವಳ ತಲೆಯ ಮೇಲೂ ಬಿದ್ದವು. ಹೋರಿಯನ್ನು ಹಿಡಿದುಕೊಂಡು ನಮ್ಮ ಮುರಿದ ಬೇಲಿಯ ಸಂದಿಯಿಂದ ಓಣಿಗೆ ಇಳಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು.

"ಅಳಾಕತ್ತಾಳ ಪಾಪ" ಎಂದಳು ಮಾಳಿಗೆಯ ಮೇಲಿಂದ ಯಾರೋ ಹೆಂಗಸು. "ಗಂಡ ತಂದ ಹೋರಿ, ಸೋತ ಬಿಟ್ಟಿತು."

ನನ್ನನ್ನು ದಾಟುವಾಗ ಅವಳು ಸೆರಗನ್ನು ಸ್ವಲ್ಪ ಸರಿಸಿದಳು. ಸೀಳಿದ ತುಟಿ ಮತ್ತೆ ಒಸರುತ್ತಿತ್ತು. ನಕ್ಕರೆ ಒಸರದೆ ಏನು ಮಾಡೀತು.